ಟೇಬಲ್ ಟಾಕ್: ಮೂಲನಿಷ್ಠ ಅನುವಾದದ ಒಂದು ವಿಚಿತ್ರ ಪ್ರಸಂಗ



ಮೂಲಕ್ಕೆ ನಿಷ್ಠವಾದ ಅನುವಾದ ಎಂದರೆ ಯಾವುದು ಎಂಬ ಪ್ರಶ್ನೆ ನಮ್ಮ ಬಳಗದಲ್ಲಿ ಎಷ್ಟು ಸಲ ಬಂದುಹೋಗಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ಕವಿತೆ, ಕಾದಂಬರಿ, ಹೆಚ್ಚೆಂದರೆ ನಾಟಕ – ಇಷ್ಟರ ಸುತ್ತವೇ ಸುತ್ತಿ, ಕಾಫಿ ಮುಗಿದ ಮೇಲೆ ಚದುರುತ್ತೇವೆ. ಈ ಸಲ ಅದೇ ಪ್ರಶ್ನೆಯನ್ನು ಸ್ವಲ್ಪ ಅಡ್ಡದಾರಿಯಿಂದ ತರುತ್ತಿದ್ದೇನೆ. ಸಾಹಿತ್ಯದ ಪತ್ರದಲ್ಲಿ ವಿಡಿಯೋ ಗೇಮ್ ಯಾಕಪ್ಪಾ ಎಂದು ಹುಬ್ಬೇರಿಸಬೇಡಿ. ಹತ್ತು ನಿಮಿಷ ಓದಿ, ಆಮೇಲೆ ಬೇಕಾದರೆ ಬೈಯಿರಿ.

ಫುನಾಬೊರಿ ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ನಮ್ಮ ಮನೆ. ಬಾಲ್ಕನಿಯಲ್ಲಿ ನಿಂತರೆ ಟವರ್ ಹಾಲ್‌ನ ಗೋಪುರ ಕಾಣುತ್ತದೆ. 2023ರ ಕೊನೆಯ ತನಕ ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜು ನಮ್ಮದಾಗಿರುತ್ತಿರಲಿಲ್ಲ. ಮಗ, ಅವನ ಮೂವರು ಕಾಲೇಜು ಗೆಳೆಯರು, ಜೊತೆಗೆ ಅವರದೇ ತರಗತಿಯ ಒಬ್ಬ ಜಪಾನೀ ಹುಡುಗಿ – ಐದು ಜನ ಮೇಜಿನ ಸುತ್ತ ಕೂತು ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗೊತ್ತಿಲ್ಲದವರಿಗೆ ಎರಡು ಮಾತು: 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ಆಟ ಇದು. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಮಾತ್ರ ಪಾತ್ರ ವಹಿಸದೆ ಕಥೆ ನಡೆಸುತ್ತಾರೆ, ಮಿಕ್ಕ ಲೋಕವೆಲ್ಲ ಅವರದೇ. ಅವರು ಗೇಮ್ ಮಾಸ್ಟರ್. ಪಾತ್ರಧಾರಿ "ನಾನು ಹೀಗೆ ಮಾಡುತ್ತೇನೆ" ಎನ್ನುತ್ತಾನೆ. ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಮನೆಯಲ್ಲಿ ಗೇಮ್ ಮಾಸ್ಟರ್ ಆ ಹುಡುಗಿ.

ಒಂದು ಭಾನುವಾರ ನಾನು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಇವರ ತಂಡ ಯಾವುದೋ ಕೋಟೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ಕಾವಲುಗಾರ ಬಿಡುತ್ತಿಲ್ಲ. ಮಗ ಎದ್ದು ನಿಂತು, ತನ್ನ ಅರೆಬರೆ ಗೌರವದ ಜಪಾನಿಯಲ್ಲಿ, ಆ ಇಲ್ಲದ ಕಾವಲುಗಾರನಿಗೆ ಮೂರು ನಿಮಿಷ ಮಾತಾಡಿದ. ಊರಿನಲ್ಲಿ ಕಾಯಿಲೆ ಬಿದ್ದ ಅಜ್ಜಿ, ಮಳೆ, ಕಾವಲುಗಾರನದೇ ತಾಯಿ – ಏನೇನೋ ಬಂತು. ಮನೆಯಲ್ಲಿ ನಾಲ್ಕು ಮಾತಾಡಿಸಬೇಕಾದರೆ ನಾಲ್ಕು ದಿನ ಕಾಯಬೇಕಾದ ಹುಡುಗ! ಆ ಹುಡುಗಿ ಅಂಗೈಯಲ್ಲಿ ದಾಳ ಹಿಡಿದು ಕೇಳುತ್ತಿದ್ದವಳು, ಕೊನೆಗೆ ದಾಳವನ್ನು ಮೇಜಿನ ಮೇಲಿಟ್ಟು, "ಇದಕ್ಕೆ ದಾಳ ಬೇಡ. ಒಳಗೆ ಹೋಗಿ" ಎಂದಳು.

ಡಿಸೆಂಬರಿನಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೋ ಗೇಮ್‌ನ ಜಪಾನೀ ಆವೃತ್ತಿ ಬಂತು. ಬೆಲ್ಜಿಯಮ್‌ನ ಲಾರಿಯನ್ ಕಂಪನಿ ಅದೇ ವರ್ಷ ಆಗಸ್ಟಿನಲ್ಲಿ ಮೊದಲು ಬಿಟ್ಟ ಈ ಗೇಮ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ನಿಯಮಗಳ ಮೇಲೆ ನಿಂತಿದೆ. ಮಗನ ಹಿಂದೆ ಸೋಫಾದಲ್ಲಿ ಕೂತು ನಾನೂ ನೋಡಿದೆ. ಅಲ್ಲೂ ಒಬ್ಬ ಕಾವಲುಗಾರ. ತೆರೆಯ ಮೇಲೆ ನಾಲ್ಕು ಸಾಲು ಬಂತು, ಮಗ ಒಂದನ್ನು ಆರಿಸಿದ. ದೊಡ್ಡ ದಾಳ ಉರುಳಿತು. ಗೆಲ್ಲಲು ಬೇಕಿದ್ದದ್ದು 5. ಬಿದ್ದದ್ದು 1. ಸೋಲು.

"ಏನೋ ಇದು?" ಎಂದೆ.

"ರೂಲ್ಸ್ ಪ್ರಕಾರ ಸರಿಯಾಗೇ ಇದೆ ಅಪ್ಪಾ."

ಇಲ್ಲಿಂದ ನನ್ನ ತಕರಾರು ಶುರು. ಈ ಗೇಮ್ ಬಂದಾಗ ವಿಮರ್ಶಕರು ಬಹಳಷ್ಟು ಜನ ಹೊಗಳಿದ್ದು ಮೇಜಿನ ಆಟವನ್ನು ಇಷ್ಟು ನಿಷ್ಠೆಯಿಂದ ಯಂತ್ರಕ್ಕೆ ತಂದಿದ್ದಾರೆ ಎಂದು. ನಿಷ್ಠೆ ಯಾವುದಕ್ಕೆ? ಪುಸ್ತಕಕ್ಕೋ, ಮೇಜಿಗೋ?

ಈ ಪ್ರಶ್ನೆಗೆ ಜಪಾನಿಗಿಂತ ಒಳ್ಳೆಯ ಜಾಗ ಇಲ್ಲ. ಇಲ್ಲಿ ಬರೀ ಆರ್‌ಪಿಜಿ ಎಂದರೆ ಎಲ್ಲರಿಗೂ ವಿಡಿಯೋ ಗೇಮೇ. ಮೂಲದ ಹೆಸರನ್ನು ಅನುವಾದವೇ ನುಂಗಿಹಾಕಿತು. ಆಮೇಲೆ ಮೂಲಕ್ಕೆ ಬೇರೆ ಹೆಸರು ಹುಡುಕಬೇಕಾಗಿ ಬಂದು ಇವರು 'ಟೇಬಲ್ ಟಾಕ್ ಆರ್‌ಪಿಜಿ' ಎಂದು ಕರೆದರು. ಇಂಗ್ಲಿಷಿನವರು ಹೀಗೆ ಹೇಳುವುದಿಲ್ಲ, 'ಟೇಬಲ್‌ಟಾಪ್' ಎನ್ನುತ್ತಾರೆ, ಅಂದರೆ ಮೇಜಿನ ಮೇಲ್ಮೈ. ಜಪಾನೀಯರ ತಪ್ಪು ಇಂಗ್ಲಿಷ್ ಎಂದು ನಗಬಹುದು. ನನಗೆ ಮಾತ್ರ ಮೂಲ ಹೆಸರಿಗಿಂತ ಇದೇ ಸರಿ ಎನ್ನಿಸುತ್ತದೆ. ಆಟ ಇರುವುದು ಮೇಜಿನಲ್ಲಲ್ಲ, ಮೇಜಿನ ಮಾತಿನಲ್ಲಿ.

ಅನುವಾದಕ್ಕೆ ಎರಡು ದಾರಿಗಳಿವೆ ಎಂದು ತೋರಿಸಲು ನಾವು ದೂರ ಹೋಗಬೇಕಾಗಿಲ್ಲ, ಬಿಎಂಶ್ರೀ ಒಬ್ಬರೇ ಎರಡನ್ನೂ ನಡೆದು ತೋರಿಸಿದ್ದಾರೆ. ಈಸ್ಕಿಲಸನ ನಾಟಕವನ್ನು ಪರ್ಷಿಯನ್ನರನ್ನು ಪರ್ಷಿಯನ್ನರಾಗಿಯೇ ಉಳಿಸಿ 'ಪಾರಸಿಕರು' ಮಾಡಿದರು. ಸೋಫೋಕ್ಲಿಸನ ಏಜಾಕ್ಸ್‌ನನ್ನು ಮಾತ್ರ ಕಿತ್ತು, ಆ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದರು. 1929ರ 'ಅಶ್ವತ್ಥಾಮನ್' ಯಾವ ಲೆಕ್ಕದಲ್ಲೂ ಅನುವಾದವಲ್ಲ, ಆದರೆ ಗ್ರೀಕ್ ದುರಂತ ನಾಟಕದ ಬಿಸಿ ಕನ್ನಡಕ್ಕೆ ತಾಗಿದ್ದರಲ್ಲಿ ಅದರ ಪಾಲು ಸಣ್ಣದಲ್ಲ. ಮೇಜಿನ ಆಟ ಯಂತ್ರಕ್ಕೆ ಬಂದದ್ದೂ ಈ ಎರಡೇ ದಾರಿಯಲ್ಲಿ.

ಮೊದಲ ದಾರಿಯಲ್ಲಿ ಬಂದದ್ದು ವಿಝಾರ್ಡ್ರಿ, 1981ರಲ್ಲಿ, ಅಮೆರಿಕದಲ್ಲಿ. ಆಂಡ್ರ್ಯೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್ ಎಂಬ ಇಬ್ಬರು ಬರೆದದ್ದು. ಕವಚ ಗಟ್ಟಿಯಾದಷ್ಟೂ ಅಂಕ ಕಡಿಮೆಯಾಗುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ತಲೆಕೆಳಗಿನ ಲೆಕ್ಕವನ್ನೂ ಬಿಡದೆ ತಂದರು. ಪುಂಡಾಟವೂ ತುಂಬಿತ್ತು. ಖಳನಾಯಕನ ಹೆಸರು ವರ್ಡ್ನಾ, ಅಂದರೆ ಆಂಡ್ರ್ಯೂ ಹಿಂದುಮುಂದು. ಒಂದು ಒಳ್ಳೆಯ ಖಡ್ಗಕ್ಕೆ 'ಬ್ಲೇಡ್ ಕ್ವಿಸಿನಾರ್ಟ್' ಎಂದು ಹೆಸರಿಟ್ಟರು. ಅದು ಅಮೆರಿಕದ ಅಡುಗೆಮನೆಯ ತರಕಾರಿ ಕೊಚ್ಚುವ ಮಿಕ್ಸರಿನ ಬ್ರ್ಯಾಂಡು! ಜಪಾನಿಗೆ ಬರುವಾಗ ಈ ತಮಾಷೆ ಯಾರಿಗೂ ತಿಳಿಯಲಿಲ್ಲ. 'ಕಶಿನಾಟೊ' ಎಂಬ ಮಹಾ ಕಮ್ಮಾರ ಮಾಡಿದ ಖಡ್ಗ ಎಂದು ಗಂಭೀರವಾಗಿ ಅರ್ಥ ಮಾಡಿಕೊಂಡರು. (ನಮ್ಮ ಕಿವಿಗೆ ಕಾಶೀನಾಥನ ಖಡ್ಗ. ಇರಲಿ.) ಒಂದು ತಲೆಮಾರಿನ ಜಪಾನೀ ಹುಡುಗರು ಆ ಆಟವನ್ನು ಕತ್ತಲೆಯ, ಗಂಭೀರ ಪುರಾಣ ಎಂದೇ ಓದಿದರು. ನಿಯಮ ಒಂದಕ್ಷರ ಬದಲಾಗದೆ ದಾಟಿತು, ನಗು ಗಡಿಯಲ್ಲೇ ಉಳಿಯಿತು. ಅನುವಾದಕರಾದ ನಮಗೆ ಇದು ಹೊಸ ಸುದ್ದಿಯೇನಲ್ಲ.

ವಿಝಾರ್ಡ್ರಿಯ ಹುಚ್ಚು ಹತ್ತಿಸಿಕೊಂಡವರಲ್ಲಿ ಹೊರಿಈ ಯೂಜಿ ಒಬ್ಬರು. 1986ರ ಮೇ ತಿಂಗಳಲ್ಲಿ ಅವರ ಡ್ರ್ಯಾಗನ್ ಕ್ವೆಸ್ಟ್ ಬಂತು. ಇಡೀ ಆಟ 64 ಕಿಲೋಬೈಟ್; ಈ ಪತ್ರದ ಜೊತೆ ಒಂದು ಫೋಟೋ ಕಳಿಸಿದರೂ ಅದಕ್ಕಿಂತ ಭಾರ. ಅಷ್ಟರಲ್ಲಿ ಏನು ಹಿಡಿಸಬಹುದು? ಒಬ್ಬನೇ ವೀರ, ನಾಲ್ಕಾರು ಅಂಕೆ, ದಾಳ ಕಣ್ಣಿಗೆ ಬೀಳುವುದೇ ಇಲ್ಲ. ಮೂಲದ ನಿಯಮಗಳಲ್ಲಿ ಮುಕ್ಕಾಲು ಪಾಲು ಬಿಸಾಡಿದರು. ಇದು ಅಶ್ವತ್ಥಾಮನ ದಾರಿ. ಮೇಜಿನ ಆಟವನ್ನು ಹೆಸರೇ ಕೇಳದ ಲಕ್ಷಾಂತರ ಮಕ್ಕಳಿಗೆ 'ನೀನೇ ಆ ವೀರ, ಹೊರಡು' ಎಂಬ ಮೂಲದ ಮಾತು ತಲುಪಿತು.

ಮರುವರ್ಷದ ಫೈನಲ್ ಫ್ಯಾಂಟಸಿ ಇನ್ನೊಂದು ತುದಿ. ಮಂತ್ರಗಳಿಗೆ ಹಂತ, ಹಂತಕ್ಕೆ ಇಷ್ಟೇ ಸಲ ಎಂಬ ಮಿತಿ – ಎಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಎತ್ತಿದ್ದು. ಆದರೆ ಇದರಲ್ಲೊಂದು ಸ್ವಾರಸ್ಯ ಇದೆ. ಪಾತ್ರದ ಹಾಳೆಯಲ್ಲಿ 'ಬುದ್ಧಿ' ಎಂಬ ಅಂಕೆ ಇತ್ತು, ಮಂತ್ರವಾದಿಗೆ ಅದು ಏರುತ್ತಲೂ ಇತ್ತು. ಪ್ರೋಗ್ರಾಮಿನ ದೋಷದಿಂದ ಆ ಅಂಕೆ ಮಂತ್ರದ ಬಲಕ್ಕೆ ಲೆಕ್ಕಕ್ಕೇ ಬರುತ್ತಿರಲಿಲ್ಲ! ಮಕ್ಕಳು ಬುದ್ಧಿ ಬೆಳೆಸಿದ್ದೇ ಬೆಳೆಸಿದ್ದು. ಮೇಜಿನಲ್ಲಾಗಿದ್ದರೆ ಎರಡನೇ ವಾರಕ್ಕೇ ಯಾರಾದರೂ "ಏಯ್, ನನ್ನ ಬುದ್ಧಿ ಕೂಡಿಸಿಲ್ಲ" ಎಂದು ಕೂಗುತ್ತಿದ್ದರು. ಮೇಜಿನಲ್ಲಿ ನಿಯಮ ಎಂದರೆ ಎಲ್ಲರ ಕಣ್ಣೆದುರಿಗೆ ಬಿದ್ದಿರುವ ಒಪ್ಪಂದ, ಯಂತ್ರದಲ್ಲಿ ಅದು ಮುಚ್ಚಿದ ಪೆಟ್ಟಿಗೆ. ಒಪ್ಪಂದ ಮುರಿದರೆ ಜಗಳವಾಗುತ್ತದೆ. ಪೆಟ್ಟಿಗೆಯೊಳಗೆ ಏನು ಮುರಿದಿದೆ ಎಂದು ಯಾರಿಗೆ ಗೊತ್ತು?

ಪೂರ್ಣ ನಿಷ್ಠೆಯ ಉದಾಹರಣೆ ಬೇಕೆಂದರೆ 2003ರಲ್ಲಿ ಟ್ರೊಯ್ಕಾ ಕಂಪನಿ ಮಾಡಿದ ದಿ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್ ನೋಡಬೇಕು. ಗೈಗ್ಯಾಕ್ಸ್ ಮತ್ತು ಫ್ರಾಂಕ್ ಮೆಂಟ್ಸರ್ 1985ರಲ್ಲಿ ಪ್ರಕಟಿಸಿದ ಸಾಹಸಕಥೆಯನ್ನು, ಆಗಷ್ಟೇ ಬಂದಿದ್ದ ಮೂರೂವರೆ ಆವೃತ್ತಿಯ ನಿಯಮಗಳಲ್ಲಿ, ಒಂದೊಂದು ಸರದಿಯೂ ಪುಸ್ತಕದಂತೆ ನಡೆಯುವ ಹಾಗೆ ಕಟ್ಟಿದರು. ಯುದ್ಧ ಇಂದಿಗೂ ಚೆನ್ನ. ಆದರೆ ಊರಿಗೆ ಕಾಲಿಟ್ಟರೆ ಒಂದು ಜೀವ ಇಲ್ಲ, ಎಲ್ಲರೂ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವರ ಹಾಗೆ ಮಾತಾಡುತ್ತಾರೆ. ಪುಸ್ತಕದಲ್ಲಿ ಊರಿನ ಬಗ್ಗೆ ಬರೆದಿದ್ದದ್ದು ಗೇಮ್ ಮಾಸ್ಟರಿಗೆ ಕೊಟ್ಟ ಟಿಪ್ಪಣಿ. ಅದಕ್ಕೆ ಬಾಯಿ ಕೊಡಬೇಕಾದವನು ಅವನು. ಟಿಪ್ಪಣಿ ಮಾತ್ರ ಬಂತು, ಬಾಯಿ ಬರಲಿಲ್ಲ.

ಜಪಾನೀಯರು ಇದಕ್ಕೂ ಮೊದಲು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಎಂಬತ್ತರ ದಶಕದಲ್ಲಿ ಇಲ್ಲಿ ಇಪ್ಪತ್ತು ಮುಖದ ದಾಳ ಸುಲಭಕ್ಕೆ ಸಿಗುತ್ತಿರಲಿಲ್ಲ. 1989ರಲ್ಲಿ ಗ್ರೂಪ್ ಎಸ್‌ಎನ್‌ಇ ಎಂಬ ತಂಡ ಸ್ವೋರ್ಡ್ ವರ್ಲ್ಡ್ ಎಂಬ ಸ್ವಂತ ಆಟವನ್ನು ಜೇಬಿನಲ್ಲಿ ಹಿಡಿಯುವ ಬುಂಕೊ ಪುಸ್ತಕವಾಗಿ ತಂದಿತು. ಆಡಲು ಬೇಕಾದದ್ದು ಎಲ್ಲರ ಮನೆಯಲ್ಲೂ ಇರುವ ಆರು ಮುಖದ ದಾಳ, ಎರಡು. ಇದು ಬರೀ ಅನುಕೂಲದ ಮಾತಲ್ಲ, ಇದರಿಂದ ವಿಧಿಯ ಸ್ವಭಾವವೇ ಬದಲಾಯಿತು. ಹೇಗೆಂದು ತಿಳಿಯಬೇಕಾದರೆ ಚೌಕಾಬಾರ ನೆನಪಿಸಿಕೊಳ್ಳಿ. ನಾಲ್ಕು ಕವಡೆ, ಅಥವಾ ತೇಯ್ದ ಹುಣಸೆ ಬೀಜ. ನಾಲ್ಕೂ ತೆರೆದು ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಪ್ರತಿ ಕವಡೆಯೂ ಎರಡು ಕಡೆಗೂ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ, ಹದಿನಾರರಲ್ಲಿ ಆರು ಸಲ ಎರಡು ಬೀಳುತ್ತದೆ, ಚೌಕ ಒಂದು ಸಲ, ಬಾರ ಒಂದು ಸಲ. ಅದಕ್ಕೇ ಅಜ್ಜಿ ಬಾರ ಹಾಕಿದರೆ ಮನೆಯೆಲ್ಲ ಕೂಗುತ್ತಿದ್ದದ್ದು. ಈಗ ಒಬ್ಬ ಪ್ರೋಗ್ರಾಮರ್ ಇದನ್ನು ಮೊಬೈಲಿಗೆ ತರುವಾಗ 'ಒಂದು, ಎರಡು, ಮೂರು, ನಾಲ್ಕು, ಎಂಟು – ಇದರಲ್ಲಿ ಯಾವುದಾದರೂ ಒಂದು' ಎಂದು ಸಮನಾಗಿ ಚೀಟಿ ಎತ್ತಿಸಿದ ಎಂದುಕೊಳ್ಳಿ. ಐದರಲ್ಲಿ ಒಂದು ಸಲ ಬಾರ! ಮಣೆ ಅದೇ, ನಡೆ ಅದೇ, ಕಡಿಯುವ ನಿಯಮ ಅದೇ. ಆದರೂ ಅದು ಅಜ್ಜಿಯ ಆಟವಲ್ಲ.

ಇಪ್ಪತ್ತು ಮುಖದ ದಾಳದಲ್ಲಿ 1 ಬೀಳುವುದೂ 10 ಬೀಳುವುದೂ ಒಂದೇ: ನೂರಕ್ಕೆ ಐದು. ಎರಡು ದಾಳ ಕೂಡಿದರೆ ಏಳು ಮೂವತ್ತಾರರಲ್ಲಿ ಆರು ಸಲ ಬರುತ್ತದೆ, ತುದಿಯ ಎರಡು, ಹನ್ನೆರಡು ಒಂದೊಂದೇ ಸಲ. ಅಮೆರಿಕದ ವೀರ ಸುಲಭದ ಕೆಲಸದಲ್ಲೂ ಆಗಾಗ ಮುಗ್ಗರಿಸುತ್ತಾನೆ. ಸ್ವೋರ್ಡ್ ವರ್ಲ್ಡ್‌ನ ವೀರ ಸಾಮಾನ್ಯವಾಗಿ ತನ್ನ ಯೋಗ್ಯತೆಯಂತೆ ನಡೆಯುತ್ತಾನೆ, ಅಪರೂಪಕ್ಕೆ ಎರಡೂ ದಾಳದಲ್ಲಿ ಒಂದು ಬಿದ್ದು ಸೋತರೆ ಆ ಸೋಲಿಗೆ ಅನುಭವದ ಅಂಕ ಸಿಗುತ್ತದೆ. ನೋಡಿ, ಸೋತದ್ದಕ್ಕೂ ಪಾಠದ ಲೆಕ್ಕ! 1993ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಟಿ ಅಂಡ್ ಇ ಸಾಫ್ಟ್ ಈ ಆಟವನ್ನು ತಂದಾಗ ಲೆಕ್ಕಗಳು ತೊಂದರೆಯಿಲ್ಲದೆ ದಾಟಿದವು. ಲೆಕ್ಕ ಯಾವತ್ತೂ ದಾಟುತ್ತದೆ.

ದಾಟದೆ ಉಳಿಯುವುದು ಯಾವುದು ಎಂಬುದಕ್ಕೂ ಈ ತಂಡದಲ್ಲೇ ಉತ್ತರ ಇದೆ. 1986ರಲ್ಲಿ 'ಕಾಂಪ್ಟಿಕ್' ಎಂಬ ಕಂಪ್ಯೂಟರ್ ಗೇಮ್ ಪತ್ರಿಕೆಯಲ್ಲಿ ಇವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದ್ದನ್ನು ಹಾಗೇ ಬರೆದು ಧಾರಾವಾಹಿಯಾಗಿ ಕೊಡತೊಡಗಿದರು. ಯಾರು ಏನೆಂದರು, ಯಾವ ದಾಳ ಬಿತ್ತು, ಯಾರು ನಕ್ಕರು – ನಾಟಕದ ಸಂಭಾಷಣೆಯಂತೆ. ಅದಕ್ಕೆ 'ರಿಪ್ಲೇ' ಎಂದು ಹೆಸರು. ಅದೇ ಮುಂದೆ ಮಿಜುನೊ ರ್ಯೋ ಅವರ 'ಲೋಡಾಸ್ ದ್ವೀಪದ ಯುದ್ಧ' ಕಾದಂಬರಿಗಳಾಗಿ, ಅನಿಮೆಯಾಗಿ, ವಿಡಿಯೋ ಗೇಮ್‌ಗಳಾಗಿ ಬೆಳೆಯಿತು. ಇಡೀ ಜಪಾನ್ ಮನಸೋತ ಡೀಡ್‌ಲಿಟ್ ಎಂಬ ಎಲ್ಫ್ ಕನ್ಯೆಯ ಪಾತ್ರವನ್ನು ಆ ಮೇಜಿನಲ್ಲಿ ವಹಿಸಿದ್ದು ಯಾಮಾಮೊತೊ ಹಿರೋಶಿ ಎಂಬ ಗಂಡಸು, ಮುಂದೆ ಹೆಸರಾಂತ ವೈಜ್ಞಾನಿಕ ಕಥೆಗಾರ. ಸ್ತ್ರೀವೇಷದ ಪರಂಪರೆ ಗೊತ್ತಿರುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ನನ್ನ ಅಭಿಪ್ರಾಯದಲ್ಲಿ ಮೇಜಿನ ಆಟದ ಅತ್ಯಂತ ನಿಷ್ಠ ಅನುವಾದ ಯಾವ ವಿಡಿಯೋ ಗೇಮೂ ಅಲ್ಲ, ಈ ರಿಪ್ಲೇಗಳು. ಒಂದು ನಿಯಮವನ್ನೂ ನೀವು ಆಡಬೇಕಾಗಿಲ್ಲ, ಆದರೆ ಮಾತು ಪೂರ್ತಿ ಬಂದಿದೆ.

ಸ್ತ್ರೀವೇಷ ಎಂದಾಗಲೇ ಕರಾವಳಿಯ ಸ್ನೇಹಿತರಿಗೆ ನಾನು ಎಲ್ಲಿಗೆ ಹೊರಟಿದ್ದೇನೆಂದು ಗೊತ್ತಾಗಿರಬೇಕು. ಯಕ್ಷಗಾನದ ವೇಷ, ಕುಣಿತ ತೆಗೆದುಹಾಕಿ ಕೂತು ಆಡಿದರೆ ತಾಳಮದ್ದಳೆ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಪಾತ್ರವಾಗಿ ಕೂತು ಆಶುವಾಗಿ ವಾದಿಸುತ್ತಾರೆ. ಟೇಬಲ್ ಟಾಕ್ ಎಂದರೆ ಇದಲ್ಲದೆ ಇನ್ನೇನು? ಮೇಜಿಲ್ಲ ಅಷ್ಟೆ. ವ್ಯತ್ಯಾಸ ಎಲ್ಲಿದೆ ನೋಡಿ. ತಾಳಮದ್ದಳೆಯಲ್ಲಿ ಏನು ನಡೆಯಬೇಕೆಂಬುದು ಪ್ರಸಂಗದಲ್ಲಿ ಮೊದಲೇ ಬರೆದಿದೆ: ವಾಲಿ ಸಾಯಲೇಬೇಕು. ಆದರೆ ಏನು ಆಡಬೇಕೆಂಬುದು ಸ್ವತಂತ್ರ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಗೊತ್ತು, ಬಾಣ ತಾಗಿ ಬಿದ್ದವನು ವಾದದಲ್ಲಿ ರಾಮನನ್ನೇ ಕಟಕಟೆಗೆ ಹತ್ತಿಸಬಲ್ಲ. ವಿಡಿಯೋ ಗೇಮ್ ಇದಕ್ಕೆ ತಿರುಗುಮುರುಗು. ಏನು ನಡೆಯುತ್ತದೆ ಎಂಬುದನ್ನು ದಾಳ ಬದಲಿಸಬಹುದು, ಏನು ಆಡಬೇಕೆಂಬುದು ಮಾತ್ರ ಮೊದಲೇ ಬರೆದಿಟ್ಟ ನಾಲ್ಕು ಸಾಲು. ನಮ್ಮ ಮನೆಯ ಮೇಜಿನಲ್ಲಿ ಎರಡೂ ಬಿಚ್ಚಿದ್ದವು.

ಈಗ ಆ ಕಾವಲುಗಾರನ ಬಳಿಗೆ ಮರಳೋಣ. ಮಗ 'ರೂಲ್ಸ್ ಪ್ರಕಾರ ಸರಿ' ಎಂದನಲ್ಲ, ಅದು ಸರಿಯಲ್ಲ! ಮಾತಿನ ಚಾತುರ್ಯಕ್ಕೆ ಅವನ ಪಾತ್ರಕ್ಕೆ 5 ಅಂಕ ಮೊದಲೇ ಇತ್ತು. 1 ಬಿದ್ದರೂ ಕೂಡಿದರೆ 6, ಬೇಕಿದ್ದದ್ದು 5. 2014ರ ನಿಯಮ ಪುಸ್ತಕದಲ್ಲಿ 1 ಬಿದ್ದರೆ ತಪ್ಪದೆ ಸೋಲು ಎಂದಿರುವುದು ಆಯುಧದ ಏಟಿಗೆ, ಮಾತಿನ ಯತ್ನಕ್ಕಲ್ಲ. ಎಷ್ಟೋ ಮೇಜುಗಳಲ್ಲಿ ಆಟಗಾರರು ಮಜಾಕ್ಕೆಂದು ಎಲ್ಲದಕ್ಕೂ ಆ ನಿಯಮ ಹಚ್ಚುತ್ತಾರೆ, ಲಾರಿಯನ್‌ನವರು ಆ ವಾಡಿಕೆಯನ್ನೇ ಯಂತ್ರದಲ್ಲಿ ಇಟ್ಟರು. ಒಂದು ರೀತಿಯಲ್ಲಿ ಪುಸ್ತಕಕ್ಕಿಂತ ಮೇಜಿಗೆ ನಿಷ್ಠೆ, ಮೆಚ್ಚಬೇಕು. ಇನ್ನೊಂದು ವಿಷಯ ಕೇಳಿ. ಆ ಗೇಮ್‌ನಲ್ಲಿ 'ಕಾರ್ಮಿಕ್ ಡೈಸ್' ಎಂಬ ಏರ್ಪಾಡಿದೆ, ನೀವಾಗಿ ಆರಿಸದಿದ್ದರೂ ಅದು ಜಾರಿಯಲ್ಲಿರುತ್ತದೆ. ಸತತವಾಗಿ ಸೋಲುತ್ತಿದ್ದರೆ ದಾಳ ತುಸು ಕನಿಕರ ತೋರುತ್ತದೆ. ಕರ್ಮದ ಹೆಸರಿನಲ್ಲಿ ಶಕುನಿಯ ದಾಳ! ಬೇಡವೆಂದರೆ ಆರಿಸಬಹುದು. ಇದೂ ಗೇಮ್ ಮಾಸ್ಟರ್ ಮಾಡುವ ಕೆಲಸವೇ, ಪರದೆಯ ಹಿಂದೆ ದಾಳ ನೋಡಿ ಸಣ್ಣ ಸುಳ್ಳು ಹೇಳುವುದು. ಆದರೆ ಅವಳು ಸುಳ್ಳು ಹೇಳುವುದು ಎದುರಿಗಿದ್ದವನ ಮುಖ ನೋಡಿ. ಯಂತ್ರ ನೋಡುವುದು ಹಿಂದಿನ ಅಂಕೆಗಳನ್ನು.

ಗೇಮ್ ಕಳಪೆ ಎನ್ನುತ್ತಿಲ್ಲ. ಬರವಣಿಗೆ, ನಟರ ದನಿ, ಒಂದು ಆಯ್ಕೆ ನಲವತ್ತು ಗಂಟೆಯ ಮೇಲೆ ತಿರುಗಿ ಬರುವ ಪರಿ – ಇಷ್ಟು ದುಡಿಮೆ ಮಾಡಿದ ಕಾದಂಬರಿಗಳು ಎಷ್ಟಿವೆ? ನನ್ನ ತಕರಾರು ಒಂದೇ ಕಡೆ. ಕತ್ತಿಯ ನಿಯಮ ನಿಜವಾಗಿಯೂ ನಿಯಮ, ಅದನ್ನು ಎಷ್ಟು ನಿಷ್ಠೆಯಿಂದ ತಂದರೂ ಲಾಭವೇ. ಮಾತಿನ ನಿಯಮ ಹಾಗಲ್ಲ. 1974ರ ಪುಸ್ತಕಗಳಲ್ಲಿ 'ಮನವೊಲಿಸುವ ಕೌಶಲ' ಎಂಬ ಅಂಕೆಯೇ ಇರಲಿಲ್ಲ. ಎದುರು ಬಂದವರ ಮೊದಲ ಮನಸ್ಥಿತಿ ತಿಳಿಯಲು ಎರಡು ದಾಳ ಹಾಕುತ್ತಿದ್ದರು, ಮಿಕ್ಕದ್ದು ಮಾತು. ಸಂಧಾನ ಎಂಬುದು ಪಾತ್ರದ ಹಾಳೆಯಲ್ಲಿ ಒಂದು ಕೌಶಲದ ಅಂಕೆಯಾಗಿ ಗಟ್ಟಿಯಾಗಿ ಕೂತದ್ದು 2000ದ ಮೂರನೇ ಆವೃತ್ತಿಯಲ್ಲಿ. ಆಗಲೂ ಅದು ಬೇಕೆಂದರೆ ಹಿಡಿದುಕೊಳ್ಳುವ ಊರುಗೋಲು, ಮಾತು ಬಾರದವನಿಗೆ, ಸಂಕೋಚದವನಿಗೆ. ಚೆನ್ನಾಗಿ ಮಾತಾಡಿದವನಿಗೆ ಗೇಮ್ ಮಾಸ್ಟರ್ ಅದನ್ನು ಪಕ್ಕಕ್ಕಿಟ್ಟು ಕಿವಿ ಕೊಡುತ್ತಿದ್ದಳು. ಯಂತ್ರ ಆ ಊರುಗೋಲನ್ನು ಮೂಲ ಎಂದು ತಿಳಿದು ಅಚ್ಚುಕಟ್ಟಾಗಿ ಅನುವಾದಿಸಿತು, ಬಣ್ಣ ಹಚ್ಚಿ ತೆರೆಯ ನಡುವೆ ಉರುಳಿಸಿತು. ಕಶಿನಾಟೊನ ಖಡ್ಗದ ಹಾಗೆಯೇ ಇದೂ.

ಆ ಗೇಮನ್ನು ಒಟ್ಟಿಗೆ ಆನ್‌ಲೈನಿನಲ್ಲಿಯೂ ಆಡಬಹುದು, ನಾಲ್ಕು ಜನರ ತನಕ. ಮಗ ಮತ್ತು ಮೂವರು ಗೆಳೆಯರು, ಸರಿಯಾಗಿ ನಾಲ್ಕು. ಗೇಮ್ ಮಾಸ್ಟರಿನ ಕುರ್ಚಿ ಅಲ್ಲಿಲ್ಲ. 2024ರ ಜನವರಿಯಿಂದ ಭಾನುವಾರ ನಮ್ಮ ಊಟದ ಮೇಜು ನಮಗೇ ಸಿಕ್ಕಿತು. ಅವಳ ದಾಳದ ಚೀಲ ನಮ್ಮ ಮನೆಯಲ್ಲೇ ಉಳಿದಿತ್ತು. ವಸಂತದಲ್ಲಿ ಒಂದು ದಿನ ಅದನ್ನು ತೆಗೆದುಕೊಂಡು ಹೋಗಲು ಬಂದಳು. ಮಗ ಮನೆಯಲ್ಲಿರಲಿಲ್ಲ. ಚಹಾ ಕೊಟ್ಟು, ನನ್ನ ಮುರುಕು ಜಪಾನಿಯಲ್ಲಿ ಆ ಕಾವಲುಗಾರನ ದಿನ ಯಾಕೆ ದಾಳ ಹಾಕಲಿಲ್ಲ ಎಂದು ಕೇಳಿದೆ. ನೆನಪು ಮಾಡಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಾಕಿ, ಅವನು ಸೋತಿದ್ದರೆ," ಎಂದಳು, "ಇನ್ನೊಂದು ಸಲ ಅವನು ಅಷ್ಟು ಹೊತ್ತು ಮಾತಾಡುತ್ತಿರಲಿಲ್ಲ."

ಚೀಲದಲ್ಲಿ ದಾಳ ಎಣಿಸಿ ನೋಡಿದಳು. ಒಂದು ಕಡಿಮೆ ಇತ್ತು, ಇಪ್ಪತ್ತು ಮುಖದ್ದೇ. ಮನೆಯೆಲ್ಲ ಹುಡುಕಿದೆವು, ಸಿಗಲಿಲ್ಲ. ಮಗ ಸಂಜೆ ಬಂದಾಗ ವಿಷಯ ಹೇಳಿದೆ. ಏನೂ ಮಾತಾಡದೆ ಕೋಣೆಗೆ ಹೋಗಿ, ತನ್ನ ಮೇಜಿನ ಡ್ರಾಯರಿನಿಂದ ಅದನ್ನು ತಂದು ನನ್ನ ಮುಂದೆ ಇಟ್ಟ.